ಸಿಂಹದ ಕೆಲಸ ಏನ್ರಿ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಕಟ್ಟುವಾಗ ನೋಡಲು ಬರುವವರ ಬಗ್ಗೆ ಒಂದು ಮಾತೂ ಹೇಳಲಿಲ್ಲ. ನಮ್ಮ ಜಮಖಂಡಿಯಲ್ಲಿ ಕಟ್ಟುತ್ತಿರುವ ಮನೆಗೆ ಯಾರು ಬೇಕಾದರೂ ಬರಬಹುದು. ಬಂದವರಿಗೆ ಚಹಾ ಕೊಡಬೇಕು, ಚಹಾ ಕುಡಿದವರು ಒಂದು ಸಲಹೆ ಕೊಡಬೇಕು. ಇಲ್ಲದಿದ್ದರೆ ಚಹಾದ ಋಣ ಉಳಿಯುತ್ತದೆ. ನಾನೋ ಯಾರಿಗೂ ಒಲ್ಲೆ ಎನ್ನಲಾರದವನು. ಮುಧೋಳದ ಬೀಗರು ಅಡುಗೆಮನೆ ಈ ಕಡೆ ಬೇಡ ಎಂದರು. ಅವರಿಗೆ ಮಗಳನ್ನೇ ಕೊಟ್ಟಮೇಲೆ ಗೋಡೆ ಯಾವ ಲೆಕ್ಕ? ಕೆಡವಿಸಿದೆ. ಬನಹಟ್ಟಿಯ ಷಡ್ಡಕ ಮೆಟ್ಟಿಲು ಹೊರಗಿರಲಿ ಎಂದ, ಹೊರಗೆ ಹಾಕಿಸಿದೆ. ಬೀಗರು ಮತ್ತೆ ಬಂದು ಒಳಗಿರಲಿ ಎಂದರು. ಇಡೀ ಮನೆಯಲ್ಲಿ ಓಡಾಡುತ್ತಿದ್ದದ್ದು ಆ ಮೆಟ್ಟಿಲೊಂದೇ. ಉಳಿದ ಕೆಲಸ ನಿಂತಲ್ಲೇ ನಿಂತಿತ್ತು.

ಇತ್ತ ಬಾಡಿಗೆ ಮನೆಯ ಮಾಲೀಕರು ಮಳೆಗಾಲದೊಳಗೆ ಮನೆ ಬಿಡಿ ಎಂದಿದ್ದರು. ನನ್ನ ಹೆಂಡತಿ ಶಾಂತಾ ಭಾಂಡೆಗಳನ್ನೆಲ್ಲ ಮೂಟೆ ಕಟ್ಟಿ, ಒಂದೇ ಪಾತ್ರೆಯಲ್ಲಿ ಅಡುಗೆ ಮಾಡುತ್ತಿದ್ದಳು. “ನಿಮಗ ಒಲ್ಲೆ ಅನ್ನಾಕ ಬರೂದಿಲ್ಲ. ಬರೂವಾಕಿನ್ನ ಕರಸ್ತೇನಿ,” ಎಂದವಳೇ ಬೀಳಗಿಯಿಂದ ತನ್ನ ಚಿಕ್ಕಪ್ಪನ ಮಗಳು ಸವಿತಾಳನ್ನು ಕರೆಸಿದಳು. ಅಕ್ಕನ ಗಂಡನಾದ ನನಗೆ ಮಾಮಾ ಎನ್ನುವ ಸವಿತಾ ಎಂಜಿನಿಯರು. ಕಟ್ಟಡದ ಕೆಲಸ ನಿಭಾಯಿಸುವುದು, ವ್ಯಾಲ್ಯೂ ಎಂಜಿನಿಯರಿಂಗ್ ಮಾಡುವುದು ಅವಳ ಕಸುಬು. ಸಿಮೆಂಟು ಕಡಿಮೆ ಹಾಕುವ ವಿದ್ಯೆ ಇರಬೇಕು ಎಂದುಕೊಂಡೆ. ಅಲ್ಲ, ಪ್ರತಿಯೊಂದಕ್ಕೂ ಇದರ ಕೆಲಸ ಏನು ಎಂದು ಕೇಳಿ, ಕೆಲಸವಿಲ್ಲದ್ದನ್ನು ಕೈಬಿಡುವ ವಿದ್ಯೆಯಂತೆ. ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟು ಎರಡನೆಯ ಸಲ ಮನೆ ಕಟ್ಟಿದವರ ಮಗಳು ಅವಳು. ಏನು ಬೇಕು, ಏನು ಬೇಡ ಎಂಬುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಗೇಟಿನ ಕಂಬಗಳ ಮೇಲೆ ಎರಡು ಸಿಂಹ ಕೂರಿಸುವುದು ನನ್ನ ಬಹುದಿನದ ಆಸೆ.

“ಸಿಂಹದ ಕೆಲಸ ಏನ್ರಿ ಮಾಮಾ?” ಎಂದಳು.

“ಮಂದಿ ನೋಡ್ತಾರ.”

“ನೋಡಿ ಏನ್ ಮಾಡ್ತಾರ?”

ಅವಳು ಪಾಯದ ಕಡೆ ಕೈ ತೋರಿಸಿದಳು. ನಮ್ಮದು ಎರೆಭೂಮಿ. ಪಾಯದ ಬಳಿ ನೀರು ನಿಂತರೆ ಗೋಡೆ ಬಿರಿಯುತ್ತದೆ. ಹಾಗಾಗಿ ನನ್ನ ಸಿಂಹಗಳ ದುಡ್ಡು ಮನೆಯ ಸುತ್ತ ಗಟಾರವಾಯಿತು. ನನಗೂ ಹುರುಪು ಬಂತು. “ಹಂಗಾದ್ರ ಹೊರಗಿನ ಕಟ್ಟಿನೂ ತಗಿ. ಅದರ ಕೆಲಸ ಏನೈತಿ?” ಎಂದೆ.

“ದಿನಾ ಸಂಜಿಕ ನಾ ಕುಂಡ್ರೂದೈತಿ,” ಎಂದಳು ಶಾಂತಾ ಹಿಂದಿನಿಂದ. ಸವಿತಾ ಕಟ್ಟೆಯನ್ನು ಇನ್ನಷ್ಟು ಅಗಲ ಮಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಇಲ್ಲಿ ನಿಮ್ಮ ಕೆಲಸ ಏನ್ರಿ ಮಾಮಾ?”

“ನಾ ಮಾಲಕ ಅದೇನಿ!”

“ಅದು ಕಾಗದದಾಗ ಐತ್ರಿ. ಕೆಲಸ ಏನೈತಿ?”

ಬಿಸಾಡಲು ಬಾರದ ಸಾಮಾನಿಗೆ ಒಂದು ಉಪಯೋಗ ಹುಡುಕುವುದೂ ಅವಳ ವಿದ್ಯೆಯಲ್ಲಿತ್ತು. ರಸ್ತೆಯ ತಿರುವಿನ ಬೇವಿನ ಮರದಡಿ ನನಗೊಂದು ಕುರ್ಚಿ ಹಾಕಿಸಿ, ಚಹಾದ ಕಿಟ್ಲಿ ಕೈಗಿತ್ತಳು. ಬಂದವರೆಲ್ಲ ಅಲ್ಲೇ ಚಹಾ ಕುಡಿದರು, ಅಲ್ಲೇ ಸಲಹೆ ಕೊಟ್ಟರು. “ಆತ್ರಿ, ಹಂಗ ಮಾಡಸ್ತೇನಿ,” ಎಂದು ನಾನು ತಲೆಯಾಡಿಸಿದೆ. ಒಂದು ಸಲಹೆಯೂ ಗೌಂಡಿಗಳ ಕಿವಿ ಮುಟ್ಟಲಿಲ್ಲ. ಮಳೆ ಬೀಳುವ ಮೊದಲೇ ಮನೆ ಮುಗಿಯಿತು.

ಗೃಹಪ್ರವೇಶಕ್ಕೆ ಬಂದ ಬೀಗರು ಒಳಗಿನ ಮೆಟ್ಟಿಲು ನೋಡಿ, “ನಾ ಹೇಳಿದಂಗ ಆತು ನೋಡ್ರಿ,” ಎಂದರು. ಹೊರಗಿರಲಿ ಎಂದಿದ್ದ ಷಡ್ಡಕನೂ ಅದನ್ನೇ ಎಂದ. ಶಾಂತಾ ಮಾತ್ರ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು, ನನ್ನತ್ತ ಕೈ ತೋರಿಸಿ ಕೇಳಿದಳು: “ಮನಿ ಮುಗೀತು. ಇನ್ನ ಇವರನ್ನ ಏನ್ ಮಾಡೂದ ಸವಿತಾ?”

“ಗೇಟಿನ ಹಂತ್ಯಾಕ ಕುಂಡ್ರಸಕ್ಕಾ. ಸಿಂಹದ ಜಾಗಾ ಖಾಲಿನ ಐತಲ್ಲ.”

ಈಗ ನಾನು ದಿನಾ ಗೇಟಿನ ಪಕ್ಕದಲ್ಲೇ ಕುಳಿತಿರುತ್ತೇನೆ. ಮಂದಿ ನೋಡುತ್ತಾರೆ. ನೋಡಿ ಏನು ಮಾಡುತ್ತಾರೆ ಎಂದು ಮಾತ್ರ ಕೇಳಬೇಡಿ.