ಸರ್ವೇಯರ್ ಮನಿಗೆ ಹೊಸ ಕಿಡಕಿ

ನಮ್ಮ ಮನ್ಯಾಗ ಅನ್ನಕ್ಕಿಂತ ಮೊದಲ ತಾಟಿಗೆ ಬೀಳೋದು ಧೂಳು. ಸಿಂಧನೂರಾಗ ರೈಸ್‌ಮಿಲ್ಲಿನ ಹಿಂದ ಮನಿ ಇದ್ದವರ ಹಣೆಬರಾನ ಅದು. ಅಪ್ಪ ಕಟ್ಟಿಸಿದ ಮನಿ. ಕಟ್ಟಿಗಿ ಕಿಡಕಿ ಸೊಟ್ಟಾಗಿ, ಮುಚ್ಚಿದ್ರೂ ಬೆಕ್ಕು ಹಾಯೋವಷ್ಟು ಸಂದು. (ಹಾಯ್ತಿತ್ತು ಕೂಡ. ಹಾಲು ಕುಡದು ಅದ ಸಂದಿನಾಗ ವಾಪಸ್ ಹೋಗ್ತಿತ್ತು.)

ಒಂದಿನ ಲಿಂಗಸುಗೂರಿನ ಅಂಗಡಿಯೊಂದ್ರಾಗ ಬಿಳೇ ಸ್ಲೈಡಿಂಗ್ ಕಿಡಕಿ ನೋಡಿದೆ. ಒಂದು ಬೆರಳಿಲೆ ದೂಡಿದ್ರ ಸರ್ರಂತ ಸರೀತಿತ್ತು. ಅಲ್ಲೇ ನಿಂತು ಗೃಹೋದ್ಧಾರದ ಮಹಾಸಂಕಲ್ಪ ಮಾಡಿಬಿಟ್ಟೆ.

"ಅಳತಿ ತಗೊಳ್ಳಾಕ ಅಂಗಡಿಯವರನ್ನ ಕರಸ್ರಿ," ಅಂದ್ಲು ನನ್ನ ಹೆಂಡ್ತಿ ಅಂಬಿಕಾ.

ನನಗ ಮೈಯೆಲ್ಲಾ ಉರೀತು. "ನಾ ಯಾರು?"

"ನನ್ನ ಗಂಡ."

"ಅದಲ್ಲ! ನನ್ನ ಕೆಲಸ ಏನು?"

"ಸರ್ವೇಯರ್."

"ಇಪ್ಪತ್ತೆರಡು ವರ್ಷ ಈ ಸೀಮ್ಯಾಗ ಎಕರೆಗಟ್ಟಲೆ ಹೊಲ ಅಳದೀನಿ. ಒಂದು ಕಿಡಕಿ ಅಳ್ಯಾಕ ಬರೂದಿಲ್ಲೇನು?"

"ಹೊಲ ಮಲಗಿರ್ತೈತ್ರಿ. ಕಿಡಕಿ ನಿಂತಿರ್ತೈತಿ."

ಭೂಮಾಪನ ಶಾಸ್ತ್ರ ಈಕಿಗೇನ್ ತಿಳೀತೈತಿ! ನಾನ ಟೇಪು ಹಿಡದು, ಚೀಟಿ ಬರದು, ಕೆಳಗ ಸಹಿ ಮಾಡಿ, ತಾರೀಖು ಹಾಕಿ ಅಂಗಡಿಗೆ ಕೊಟ್ಟೆ.

ಹದಿನೈದು ದಿನಕ್ಕ ಫಿಟ್ಟರ್ ಲಕ್ಷ್ಮಣ ಕಿಡಕಿ ತಗೊಂಡು ಬಂದ. ಹಳೇದು ಕಿತ್ತ, ಸರಳು ಕಿತ್ತ, ಹೊಸಾದು ಎತ್ತಿ ಹಿಡದ. ಗ್ವಾಡ್ಯಾಗಿನ ಜಾಗ ಉದ್ದ ನಿಂತಿತ್ತು, ಕಿಡಕಿ ಅಡ್ಡ ಮಲಗಿತ್ತು.

"ಸರ, ಎತ್ತರ ಬರೆಯೋ ಜಾಗದಾಗ ಅಗಲ ಬರದೀರಿ," ಅಂತ ಚೀಟಿ ತೋರಿಸಿದ. ಸಹಿ ನಂದ ಇತ್ತು.

ಅಂಬಿಕಾ ಸೆರಗು ಬಾಯಿಗೆ ಹಿಡಕೊಂಡು ಅಡಿಗಿಮನಿಗೆ ಓಡಿದ್ಲು.

"ಎತ್ತಿ ನಿಲ್ಲಸೋ," ಅಂದೆ.

"ಇದು ಆಕಡಿ ಈಕಡಿ ಸರಿಯೋ ಕಿಡಕಿ ಸರ. ನಿಲ್ಲಿಸಿದ್ರ ಮ್ಯಾಲ ಕೆಳಗ ಸರೀತೈತಿ."

"ಸರೀಲಿ. ಫಾರಿನ್ನಾಗ ಎಲ್ಲಾ ಹಂಗ ಇರ್ತಾವ." (ನಾ ಹೈದರಾಬಾದ್ ದಾಟಿದವನಲ್ಲ.)

ಪಾಪ, ನಿಲ್ಲಿಸಿ ಬಸ್ ಹತ್ತಿ ಹೋದ. ಗಾಜಿನ ಬಾಗಲಾ ಮ್ಯಾಲೆತ್ತಿದ್ರ ಸಾಕು, ಧಡ್ ಅಂತ ಬೀಳಾಕತ್ತಿತು. ನಾ ಬಿಡ್ತೀನೇನು? ಎರಡೂ ಬಾಗಲಾ ಎತ್ತಿ, ಕೆಳಗ ಲಟ್ಟಣಿಗಿ ನಿಲ್ಲಿಸಿ ಆಧಾರ ಕೊಟ್ಟೆ. ತಣ್ಣಗ ಗಾಳಿ ಬಂತು. ಎದುರಮನಿ ಸಕೀನಾಬೀ ಕಟ್ಟಿ ಮ್ಯಾಲ ಅಕ್ಕಿ ಹಸನ ಮಾಡಾಕತ್ತಿದ್ಲು. ಕುತ್ತಿಗಿ ಹೊರಗ ಹಾಕಿ, "ಹೆಂಗೈತ್ರಿ ನಮ್ಮ ಕಿಡಕಿ?" ಅಂದೆ.

"ಅಯ್ಯ, ಲಟ್ಟಣಿಗಿ ಇಲ್ಲೈತಲ್ಲ!" ಹಿಂದಿಂದ ಅಂಬಿಕಾ ತಗೊಂಡ್ಲು.

ಧಡ್!

ಜೀವಕ್ಕೇನಾಗಲಿಲ್ಲ. ಆದ್ರ ಬಾಗಲಾ ಹೆಗಲ ಮ್ಯಾಲ ಓರಿಯಾಗಿ ಸಿಕ್ಕೊಂಡು ಅಳ್ಳಾಡಲಿಲ್ಲ. ಮುಂಡ ಮನ್ಯಾಗ, ರುಂಡ ಓಣ್ಯಾಗ! ಅಂಬಿಕಾ ಒಳಗಿಂದ ಜಗ್ಗಿದ್ಲು, ಸಕೀನಾಬೀ ಹೊರಗಿಂದ ನೂಕಿದ್ಲು. ನನ್ನ ಕಿವಿ ಕೆಂಪಾದ್ವು ಅಷ್ಟ. ಲಕ್ಷ್ಮಣನಿಗೆ ಫೋನ್ ಹಚ್ಚಿದ್ರ, "ಮಸ್ಕಿ ದಾಟೀನ್ರಿ. ವಾಪಸ್ ಬಸ್ ಸಿಗೋತನ ತಲಿ ಹಂಗ ಇಟ್ಟಿರ್ರಿ," ಅಂದ. ಬ್ಯಾರೆ ಎಲ್ಲಿ ಇಡಲಿ?

ಸಕೀನಾಬೀ ಬಶಿಯಾಗ ಚಾ ಹಿಡದು ಕುಡಸಾಕತ್ತಿದ್ಲು. "ಬಿಸಿ ಐತ್ರಿ ಸಾಬ್, ಊದ್ಕೊಂಡು ಕುಡೀರಿ." ಅದ ಹೊತ್ತಿಗೆ ವಳಕಮದಿನ್ನಿ ಊರಿನ ರೈತ ಮಾಳಿಂಗಪ್ಪನ ಸವಾರಿ ಬಂತು. ಹೋದ ತಿಂಗಳಷ್ಟ ಅವನ ಗದ್ದಿ ಅಳದಿದ್ದೆ.

"ಸಾಹೇಬ್ರ, ಇದೇನ್ ಅವತಾರ್ರಿ?"

ನಾ ಬಾಯಿ ತೆಗಿಯೋದ್ರಾಗ ಅಂಬಿಕಾ ಒಳಗಿಂದ ಸತ್ಯ ಹೇಳಿದ್ಲು. "ಉದ್ದ ಅಗಲ ತಪ್ಪಿ ಬರದಾರಪಾ!"

ಮಾಳಿಂಗಪ್ಪ ನನ್ನ ರುಂಡದ ಮುಂದ ಕುಕ್ಕರಗಾಲಲೆ ಕುಂತ. "ನಮ್ಮ ಗದ್ದಿ ಅಳದದ್ದೂ ನೀವ ಅಲ್ಲೇನ್ರಿ?"

ಅಲ್ಲ ಅನ್ನಾಕ ತಲಿ ಅಳ್ಳಾಡಸಬೇಕಲ್ಲ! ಅವ ಸೀದಾ ಊರ ಕಡಿ ಗಾಡಿ ತಿರುಗಿಸಿದ.

ಎರಡು ತಾಸಿಗೆ ಲಕ್ಷ್ಮಣ ಬಂದು ನನ್ನ ಬಿಡಿಸಿದ. ಸೋಮವಾರ ಆಫೀಸಿಗೆ ಹೋದ್ರ, ಅರ್ಧ ವಳಕಮದಿನ್ನಿ ಅರ್ಜಿ ಹಿಡಕೊಂಡು ನಿಂತಿತ್ತು: ಮತ್ತೊಮ್ಮೆ ಅಳೀಬೇಕು! ಮೊದಲನೇ ಅರ್ಜಿ ಮಾಳಿಂಗಪ್ಪಂದು. ಅದರ ಕೆಳಗ ಒಂದು ವಿನಂತಿ: "ಅಕ್ಕಾರ ಸಮಕ್ಷಮ."

ಅಳತಿ ದಿನ ಅವನ ಬಂದು ಅಂಬಿಕಾನ್ನ ಆಟೋದಾಗ ಕರಕೊಂಡು ಹೋದ. (ನಾ ಬಸ್ಸಿನ್ಯಾಗ ಹೋದೆ.) ಬದುವಿನ ಮ್ಯಾಲ ಆಕಿಗೆ ಕುರ್ಚಿ, ಛತ್ರಿ, ಎಳನೀರು. ನನಗ ಮೊಳಕಾಲುಮಟ ಕೆಸರು. ಮೂರು ತಾಸು ಅಳದೆ. ಮೊದಲು ಬಂದ ಲೆಕ್ಕಾನ ಬಂತು.

"ನೋಡಪಾ, ಒಂದಿಂಚೂ ತಪ್ಪಿಲ್ಲ!" ಎದಿ ಉಬ್ಬಿಸಿ ಅಂದೆ.

ಮಾಳಿಂಗಪ್ಪ ನನ್ನ ಕಡಿ ನೋಡಲೇ ಇಲ್ಲ. ಬದುವಿನ ಕಡಿ ತಿರುಗಿ, "ಹೌದೇನ್ರಿ ಅಕ್ಕಾರ?" ಅಂದ.

ಅಂಬಿಕಾ ಎಳನೀರು ಮುಗಿಸಿ, ಬಾಯಿ ಒರಸಿಕೊಂಡು ತಲಿ ಆಡಸಿದ್ಲು. ಆಮ್ಯಾಲ ಮಾಳಿಂಗಪ್ಪ, ಬಾಜೂ ಹೊಲದವರು ಅಳತಿ ಕಾಗದಕ್ಕ ಸಹಿ ಹಾಕಿದ್ರು.