ಚೆಂಡಿಗಿಟ್ಟ ಕುಂಕುಮ

ಮನುಷ್ಯರಿಗೆ ಸೆಕೆಯಾದರೆ ಫ್ಯಾನು, ಚೆಂಡಿಗೆ ಸೆಕೆಯಾದರೆ ಎ.ಸಿ.! ತೊಂಬತ್ತರ ದಶಕದ ಬಹರೈನಿನಲ್ಲಿ ಇಂಥ ಮನೆ ಗುದೈಬಿಯಾದ ನನ್ನ ಭಾವನದು ಒಂದೇ ಇದ್ದಿರಬೇಕು. ಪ್ರತಿ ಶುಕ್ರವಾರ ಅಕ್ಕನ ಕೈಯೂಟಕ್ಕೆ ಹೋಗುವ ನಾನು ಹೊರಕೋಣೆಯಲ್ಲಿ ಬೇಯುತ್ತಿದ್ದೆ; ಚೆಂಡು ಒಳಗೆ ತಣ್ಣಗೆ ಕೂತಿರುತ್ತಿತ್ತು.

ಅದು ಬೇಸ್‌ಬಾಲ್. ಭಾವನ ಆಫೀಸಿನ ಅಮೆರಿಕನ್ ಇಂಜಿನಿಯರನ ತಂದೆ, ಯಾವುದೋ ಚರಿತ್ರಾರ್ಹ ಪಂದ್ಯದಲ್ಲಿ ಪ್ರೇಕ್ಷಕರ ನಡುವೆ ನಿಂತು ಹಿಡಿದದ್ದಂತೆ; ಅಲ್ಲಿ ಹಿಡಿದವನಿಗೇ ಚೆಂಡು. ಹೊಡೆದವನ ಸಹಿಯೂ ಇತ್ತು. ರಜೆಗೆ ಊರಿಗೆ ಹೋದ ಇಂಜಿನಿಯರ್ ಕೊಲ್ಲಿ ಯುದ್ಧ ಶುರುವಾಗಿ ಅಲ್ಲೇ ಉಳಿದ. "ಮೇಜಿನ ಮೇಲಿನ ಚೆಂಡು ಜೋಪಾನ, ಬರುತ್ತೇನೆ" ಎಂದು ಆಫೀಸಿಗೆ ಫೋನು ಮಾಡಿದ್ದ; ಭಾವ ಅದನ್ನು ಮನೆಗೇ ತಂದಿಟ್ಟುಕೊಂಡಿದ್ದರು. ವರ್ಷಗಳಾದರೂ ಅವನ ಸುಳಿವಿಲ್ಲ. ಈ ಕಥೆ ಕೇಳಿ ಕೇಳಿ ನನಗೋ ಸುಸ್ತು.

"ಅದೇ ಚೆಂಡು ಅನ್ಲಿಕ್ಕೆ ಸರ್ಟಿಫಿಕೇಟ್ ಉಂಟಾ ಭಾವ?"

"ನೀನು ಇವಳ ತಮ್ಮ ಅನ್ಲಿಕ್ಕೆ ಸರ್ಟಿಫಿಕೇಟ್ ಕೇಳಿದೆನಾ ನಾನು? ಊಟ ಹಾಕುದಿಲ್ವಾ?"

ಓದಿದವನ ಸಂಶಯಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೆ!

"ನಂಗೆ ತಲೆನೋವಾ ಅಂತ ಒಂದು ದಿನ ಕೇಳಿದವರಲ್ಲ," ಅಕ್ಕ ಗೊಣಗುತ್ತಿದ್ದಳು. "ಚೆಂಡಿಗೆ ಧೂಳು ಕೂತ್ರೆ ಇವರಿಗೆ ನಿದ್ದೆ ಇಲ್ಲ!"

ಆಮೇಲೆ ಬಂತು ಆಯುಧಪೂಜೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಕಾರಿನ ಕೀಲಿ ಎಂದು ಸಾಲಾಗಿ ಕುಂಕುಮ ಇಡುತ್ತ ಹೋದ ಭಾವ, ಅದೇ ಭಕ್ತಿಯಲ್ಲಿ ಚೆಂಡಿಗೂ ಒಂದು ಬೊಟ್ಟಿಟ್ಟರು. ಅದು ಸಹಿಗೇ ತಾಗಿತೆಂದು ಗಾಬರಿಯಾಗಿ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಸಹಿ ಕರಗಿತು, ಚರಿತ್ರೆಯೆಲ್ಲ ಗುಲಾಬಿ ಬಣ್ಣ!

ವಿಧಿಯ ತಮಾಷೆ ನೋಡಿ, ಮರುವಾರವೇ ಇಂಜಿನಿಯರನ ಫೋನು: ಬರುತ್ತಿದ್ದೇನೆ. ಭಾವನಿಗೆ ಅನ್ನ ಇಳಿಯಲಿಲ್ಲ.

"ಬೇರೊಂದು ತಂದು ಕೊಡಿ, ಅವನಿಗೆಲ್ಲಿ ಗೊತ್ತಾಗ್ತದೆ?" ಎಂದೆ.

"ನಂಗೆ ಗೊತ್ತಾಗ್ತದಲ್ಲ ಮಾರಾಯ!"

ಅವನು ಶುಕ್ರವಾರವೇ ಮನೆಗೆ ಬಂದ. ಕೂದಲು ಅರ್ಧ ಉದುರಿತ್ತು. ಭಾವ ಎರಡೂ ಕೈಯಲ್ಲಿ ಚೆಂಡು ಹಿಡಿದು, "ಪೂಜೆ ಮಾಡಿದ್ದು ಸಾರ್. ಹಾಳಾಯ್ತು," ಎಂದು ತಮ್ಮ ಇಂಗ್ಲಿಷಿನಲ್ಲಿ ಹೇಳಿ ತಲೆತಗ್ಗಿಸಿದರು. ಅವನು ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಭಾವನ ಕೈಗೇ ಮರಳಿಸಿ, ಬಾಗಿಲಿನವರೆಗೆ ಹಿಂದೆ ಸರಿದು, ಎಸೆ ಎಂದು ಅಂಗೈ ಚಾಚಿದ.

ಯಾರಿಗೂ ಮುಟ್ಟಲು ಬಿಡದ ಭಾವ, ಎಳೆಮಗುವಿಗೆ ಎಸೆಯುವ ಹಾಗೆ ಎಸೆದರು. ಅವನು ಅದನ್ನು ಎದೆಗೆ ಆನಿಸಿ ಹಿಡಿದ. "ಅಪ್ಪ ಹೀಗೇ ಎಸೆಯುತ್ತಿದ್ದ" ಎಂದನೋ, ಅದು ಆಮೇಲೆ ನಾನೇ ಸೇರಿಸಿಕೊಂಡದ್ದೋ? ಒದ್ದೆಯಾದದ್ದು ಅವನ ಕಣ್ಣೋ, ನನ್ನದೋ? ನನ್ನ ನೆನಪನ್ನು ನಾನೇ ನಂಬುವುದಿಲ್ಲ.

ಭಾವ ಮಾತ್ರ ಎರಡೂ ಅಂಗೈ ಚಾಚಿಕೊಂಡು ನಿಂತಿದ್ದರು.

"ಇನ್ನೊಮ್ಮೆ, ಸಾರ್."