ಬಲಗಡೆಯ ಕಾಲಂ ಕೆಳಗೆ ಬಿದ್ದ ಕುರಿತು

ಶ್ರೀಯುತ ಎರಡು ಕಾಲಂಗಳ ವಿನ್ಯಾಸದವರಿಗೆ,
ವೆಬ್ ಪುಟ ಕಟ್ಟಿಕೊಡುವ ಪೇಜ್ ಬಿಲ್ಡರಿನ ಎಡಗಡೆಯ ಪಟ್ಟಿ, ಮೇಲಿನಿಂದ ಮೂರನೆಯ ಚೌಕ.

ಮಾನ್ಯರೇ,

ತಮ್ಮ ಎರಡೂ ಪಾಲುಗಳು ಸಮ ಅಗಲದಲ್ಲಿ, ನಡುವಿನ ಸಂದು ಕೆಡದೆ, ಸುಖವಾಗಿವೆಯೆಂದು ನಂಬಿ ಒಬ್ಬ ನಿವೃತ್ತ ಅಕ್ಷರ ಜೋಡಣೆಗಾರನು ಕನ್ನಡಕ ಒರೆಸಿಕೊಂಡು ಮಾಡುವ ನಮಸ್ಕಾರಗಳು. ಇದಾದ ಮೇಲೆ ನಮ್ಮ ಮನೆಯವರೆಲ್ಲ ಕ್ಷೇಮವೆಂದು ಬರೆಯುವುದು ಪದ್ಧತಿ. ಕಳೆದ ತಿಂಗಳು ಮೂರು ವಾರ ಹಾಗೆ ಬರೆಯಲಾಗದ ಸ್ಥಿತಿಗೆ ನಮ್ಮನ್ನು ತಂದಿಟ್ಟವರು ತಾವೇ ಆದ್ದರಿಂದ ಆ ಸಾಲನ್ನು ಬಿಟ್ಟುಬಿಟ್ಟಿದ್ದೇನೆ. ಖಾಲಿ ಜಾಗವೆಂದರೆ ತಮಗೆ ವಿಶೇಷ ಪ್ರೀತಿ ಎಂಬುದು ನನಗೆ ಈಗ ಚೆನ್ನಾಗಿ ಗೊತ್ತು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ಒಂದು ದಿನಪತ್ರಿಕೆಯ ಮುದ್ರಣಾಲಯದಲ್ಲಿ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿ ಕಾಲಂ ಕಟ್ಟಿದವನು ನಾನು. ನಮ್ಮ ಪುಟಕ್ಕೆ ಎಂಟು ಕಾಲಂ. ಮೊದಲನೆಯದರಲ್ಲಿ ಮಂತ್ರಿಗಳ ಭಾಷಣ ಇದ್ದರೆ ಎಂಟನೆಯದರಲ್ಲಿ ಯಾರದೋ ಕಳೆದುಹೋದ ನಾಯಿಯ ಪ್ರಕಟಣೆ ಇರುತ್ತಿತ್ತು. ಓದುಗ ಮಹಾಶಯ ಆ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಬಸ್ಸಿನಲ್ಲಿ ನಿಂತು ಓದಿದರೂ, ಕೊನೆಗೆ ಅದರಲ್ಲೇ ಚಪ್ಪಲಿ ಸುತ್ತಿಕೊಂಡು ಹೋದರೂ, ಆ ನಾಯಿ ಎದ್ದು ಹೋಗಿ ಮಂತ್ರಿಗಳ ಭಾಷಣದ ಕೆಳಗೆ ಮಲಗಿದ್ದು ನಾನು ಕಂಡಿಲ್ಲ. ಒಮ್ಮೆ ನಿಲ್ಲಿಸಿದ ಕಾಲಂ ನಿಂತಲ್ಲೇ ನಿಲ್ಲುತ್ತದೆ ಎಂಬ ನಂಬಿಕೆಯಲ್ಲೇ ನನ್ನ ತಲೆ ನರೆತಿದೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಇಬ್ಬರು ಸೊಸೆಯಂದಿರು ಸೇರಿ ನಡೆಸುವ ಹೊಲಿಗೆ ಅಂಗಡಿಯೊಂದು ನಮ್ಮ ಬೀದಿಯ ಕೊನೆಯಲ್ಲಿ, ಬೀಗ ರಿಪೇರಿಯವರಿಗೂ ಹಲ್ಲಿನ ಡಾಕ್ಟರಿಗೂ ನಡುವೆ ಸಿಕ್ಕಿಕೊಂಡಿದೆ. ಅಗಲ ಏಳು ಅಡಿ, ಉದ್ದ ಇಪ್ಪತ್ತೆರಡು. ದೊಡ್ಡ ಸೊಸೆ ಹೊಸ ಬಟ್ಟೆ ಕತ್ತರಿಸಿ ಹೊಲಿಯುತ್ತಾಳೆ. ಚಿಕ್ಕ ಸೊಸೆಯದು ಆಲ್ಟರೇಷನ್, ಅಂದರೆ ದಪ್ಪಗಾದವರ ಪ್ಯಾಂಟು ಬಿಡಿಸುವುದು, ತೆಳ್ಳಗಾದವರ ಕೋಟು ಹಿಡಿಸುವುದು, ಜಿಪ್ಪು ಬದಲಿಸುವುದು, ಬೇರೆಯವರು ಕೆಡಿಸಿ ಕಳಿಸಿದ್ದನ್ನು ಯಾರಿಗೂ ತಿಳಿಯದ ಹಾಗೆ ಸರಿಮಾಡುವುದು. ಓರಗಿತ್ತಿಯರಾಗಿಯೂ ಹನ್ನೊಂದು ವರ್ಷದಿಂದ ಒಂದೇ ಇಸ್ತ್ರಿಪೆಟ್ಟಿಗೆಯನ್ನು ಜಗಳವಿಲ್ಲದೆ ಹಂಚಿಕೊಂಡವರು. ಇಬ್ಬರೂ ನನಗೆ ಎರಡು ಕಣ್ಣಿದ್ದ ಹಾಗೆ ಎಂದು ನಾನು ಸಿಕ್ಕಸಿಕ್ಕವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಕಣ್ಣುಗಳು ಎಂಥ ಇಕ್ಕಟ್ಟಿನಲ್ಲೂ ಒಂದರ ಕೆಳಗೊಂದು ಬರುವುದಿಲ್ಲ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ಹೀಗಿರುವಾಗ ಮುಖ್ಯರಸ್ತೆಯ ದೊಡ್ಡ ಬಟ್ಟೆ ಅಂಗಡಿಯವರು ಚಿಕ್ಕ ಸೊಸೆಯನ್ನು ಕರೆಸಿ, ನಮ್ಮಲ್ಲಿ ಆಲ್ಟರೇಷನ್ ವಿಭಾಗ ಪೂರ್ತಿ ನೀವೇ ನೋಡಿಕೊಳ್ಳಿ, ಗಾಜಿನ ಬಾಗಿಲ ಪಕ್ಕದಲ್ಲೇ ನಿಮ್ಮ ಮೇಜು, ಅದರ ಮೇಲೆ ನಿಮ್ಮ ಹೆಸರಿನ ಫಲಕ ಎಂದರಂತೆ. ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು. ಅವಳು ಹೋದರೆ ಅಂಗಡಿ ಅರ್ಧವಾಗುತ್ತದೆ, ಮನೆ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ನನ್ನ ಇಬ್ಬರು ಗಂಡುಮಕ್ಕಳು ಈ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದರಿಂದ, ಹಿರಿಯನಾದ ನಾನೇ ಮುಂದೆ ಬಿದ್ದು, ಅಂಗಡಿಗೆ ಒಂದು ವೆಬ್ ಪುಟ ಮಾಡುತ್ತೇನೆ, ಅದರಲ್ಲಿ ಇಬ್ಬರಿಗೂ ಸರಿಸಮ ಪಾಲು, ಅರ್ಧ ಎಂದರೆ ಅರ್ಧ, ಸ್ಕೇಲಿಟ್ಟು ಅಳೆದು ಕೊಡುತ್ತೇನೆ ಎಂದು ಮಾತು ಕೊಟ್ಟೆ. ಅವಳು ಸೂಜಿಗೆ ದಾರ ಪೋಣಿಸುತ್ತ, “ನೋಡೋಣ ಮಾವ” ಎಂದಳು. ಅವಳು ಹೋಗುವುದೂ ಬಿಡುವುದೂ ಆ ಎರಡು ಶಬ್ದಗಳಲ್ಲೇ ಇತ್ತು.

ತಮ್ಮನ್ನು ಆರಿಸಿಕೊಂಡ ಆ ಶುಭ ಗಳಿಗೆಯನ್ನು ಹೇಗೆ ವರ್ಣಿಸಲಿ. ಪಟ್ಟಿಯಿಂದ ತಮ್ಮನ್ನು ಮೌಸಿನಿಂದ ಹಿಡಿದು ಎಳೆದು ಪುಟದ ಮೇಲೆ ಬಿಟ್ಟೊಡನೆ ತಾವು ಎಡಕ್ಕೊಂದು ಬಲಕ್ಕೊಂದು ಖಾಲಿ ಪೆಟ್ಟಿಗೆಯಾಗಿ ತೆರೆದುಕೊಂಡು, ಎರಡರಲ್ಲೂ ಐವತ್ತು ಐವತ್ತು ಎಂದು ತೋರಿಸಿದಿರಿ. ನನಗೆ ಕಣ್ಣು ತುಂಬಿ ಬಂತು. ಎಡಗಡೆ ದೊಡ್ಡವಳ ಫೋಟೋ, ಹೊಲಿದ ಹನ್ನೊಂದು ಅಂಗಿಗಳ ಚಿತ್ರ, ಕೆಲಸದ ವೇಳೆ, ಫೋನ್ ನಂಬರು. ಬಲಗಡೆ ಚಿಕ್ಕವಳ ಫೋಟೋ, ಹರಿದಾಗ ಹೇಗಿತ್ತು ಸರಿಮಾಡಿದ ಮೇಲೆ ಹೇಗಾಯಿತು ಎಂಬ ಹನ್ನೊಂದು ಜೋಡಿ ಚಿತ್ರ, ವೇಳೆ, ನಂಬರು. ಚಿಕ್ಕವಳು ತನ್ನ ಬಗ್ಗೆ ಮೂರೇ ಸಾಲು ಬರೆದುಕೊಟ್ಟು ಬಲಗಡೆ ಮೋಟಾದಾಗ, ಇನ್ನೂ ನಾಲ್ಕು ಸಾಲು ಹೊಗಳಿಕೆಯನ್ನು ನಾನೇ ಸೇರಿಸಿ ಎರಡೂ ಕಡೆಯ ಕೊನೆಯ ಸಾಲನ್ನು ಒಂದೇ ಮಟ್ಟಕ್ಕೆ ತಂದೆ.

ಆಮೇಲೆ ನಾನು ಮಾಡಿದ ಕೆಲಸವನ್ನು ನನ್ನ ವೃತ್ತಿಯವರು ಬಿಟ್ಟು ಬೇರೆ ಯಾರೂ ಮಾಡಲಾರರು. ಪುಟವನ್ನು ಜೆರಾಕ್ಸ್ ಅಂಗಡಿಗೆ ಒಯ್ದು ಕಾಗದದ ಮೇಲೆ ಪ್ರಿಂಟ್ ತೆಗೆಸಿದೆ. ಕರಡಚ್ಚು ತೆಗೆಯದೆ ಪುಟ ಬಿಡುವ ಅಭ್ಯಾಸ ನನ್ನ ರಕ್ತದಲ್ಲೇ ಇಲ್ಲ. ಉಕ್ಕಿನ ಸ್ಕೇಲಿಟ್ಟು ಎರಡೂ ಕಾಲಂ ಅಳೆದೆ, ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಕಾಗದದ ಮೂಲೆಯಲ್ಲಿ ಕೆಂಪು ಪೆನ್ನಿನಲ್ಲಿ “ಸರಿ ಇದೆ” ಎಂದು ರುಜು ಹಾಕಿ, ಮನೆಗೆ ಬಂದು ಪಬ್ಲಿಷ್ ಗುಂಡಿ ಒತ್ತಿ, ಅದೇ ಕಾಗದವನ್ನು ಇಬ್ಬರು ಸೊಸೆಯಂದಿರಿಗೂ ತೋರಿಸಿ ಬೀಗಿದೆ. ಚಿಕ್ಕವಳ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ನಗು ಬಂತು.

ಆ ನಗುವಿನ ಆಯಸ್ಸು ಒಂದೇ ರಾತ್ರಿ. ಮರುದಿನ ಬೆಳಿಗ್ಗೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಫೋನಿನಲ್ಲಿ ಪುಟ ತೆರೆದಳು. ಹೆಬ್ಬೆರಳು ಮೇಲಕ್ಕೆ ಉಜ್ಜಿತು, ಮತ್ತೆ ಉಜ್ಜಿತು, ದೊಡ್ಡವಳ ಫೋಟೋ ದಾಟಿತು, ಹನ್ನೊಂದು ಅಂಗಿ ದಾಟಿತು, ವೇಳೆ ದಾಟಿತು, ನಂಬರು ದಾಟಿತು. ಹಾಲು ಉಕ್ಕಿತು. “ಮಾವ, ನನ್ನ ಭಾಗ ಬರಕ್ಕೆ ಇನ್ನೂ ಎಷ್ಟು ದೂರ ಇದೆ?” ಎಂದು ಬಹಳ ಮೆಲ್ಲಗೆ ಕೇಳಿದಳು. ಕಂಪ್ಯೂಟರಿನ ದೊಡ್ಡ ಪರದೆಯ ಮೇಲೆ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದ ತಾವು, ಫೋನು ಕಂಡದ್ದೇ ತಡ, ಎಡಗಡೆಯವಳನ್ನು ತಲೆಯ ಮೇಲೆ ಕೂರಿಸಿ ಬಲಗಡೆಯವಳನ್ನು ಅವಳ ಕಾಲಡಿಗೆ ತಳ್ಳಿದ್ದಿರಿ. ನಮ್ಮ ಗಿರಾಕಿಗಳಲ್ಲಿ ದೊಡ್ಡ ಪರದೆ ಇರುವವರು ಪಕ್ಕದ ಹಲ್ಲಿನ ಡಾಕ್ಟರೊಬ್ಬರೇ. ಅವರು ಬಟ್ಟೆಯನ್ನು ರೆಡಿಮೇಡ್ ಕೊಳ್ಳುತ್ತಾರೆ.

ತಮ್ಮ ಸೆಟ್ಟಿಂಗುಗಳಲ್ಲಿ, ಫೋನಿನಲ್ಲಿ ಕ್ರಮವನ್ನು ತಿರುವುಮುರುವು ಮಾಡುವ ಗುಂಡಿಯೊಂದನ್ನು ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿಟ್ಟ ತಮ್ಮ ಉದಾರ ಬುದ್ಧಿಗೆ ನಾನು ತಲೆಬಾಗುತ್ತೇನೆ. ಅದನ್ನು ಒತ್ತಿದೆ. ಚಿಕ್ಕವಳು ಮೇಲೆ ಬಂದಳು, ದೊಡ್ಡವಳು ಕೆಳಗೆ ಹೋದಳು. ದೊಡ್ಡವಳು ಸಿಟ್ಟು ಮಾಡಿದ್ದರೆ ತಡೆದುಕೊಳ್ಳಬಹುದಿತ್ತು, ಅವಳು ನನಗೆ ಕಾಫಿ ತಂದಿಟ್ಟು, “ನಂದೇನಾದ್ರೂ ತಪ್ಪಾಯ್ತಾ ಮಾವ?” ಎಂದು ಕೇಳಿದಳು. ಆ ಕಾಫಿಯನ್ನು ನಾನು ಹೇಗೆ ಕುಡಿದೆನೋ ನನಗೇ ಗೊತ್ತು. ಮರುಗಳಿಗೆಯಲ್ಲೇ ಗುಂಡಿಯನ್ನು ಮೊದಲಿನಂತೆ ಮಾಡಿದೆ. ಆ ದಿನ ಒಟ್ಟು ಒಂಬತ್ತು ಸಲ ಮೇಲೆ ಕೆಳಗೆ ಮಾಡಿದ್ದರಿಂದ, ಪುಟ ನೋಡಿದ ಗಿರಾಕಿಗಳಿಗೆ ಯಾರು ಏನು ಹೊಲಿಯುತ್ತಾರೆ ಎಂಬುದೇ ತಲೆಬುಡ ತಿಳಿಯದೆ ಒಬ್ಬರು ಬೀಗ ರಿಪೇರಿಯವರ ಹತ್ತಿರ ಜಿಪ್ಪು ಕೊಟ್ಟು ಹೋದರು.

ಇನ್ನೊಂದು ಗುಂಡಿಯೂ ಸಿಕ್ಕಿತು. ಫೋನಿನಲ್ಲೂ ಎರಡನ್ನೂ ಅಕ್ಕಪಕ್ಕವೇ ಉಳಿಸುವುದು. ಒತ್ತಿದೊಡನೆ ಇಬ್ಬರೂ ಪಕ್ಕಪಕ್ಕ ಬಂದರು ನಿಜ, ಆದರೆ ಇಬ್ಬರೂ ಬೆಂಡೆಕಾಯಿಯಷ್ಟು ಸಣಕಲಾಗಿ ಬಂದರು. “ಆಲ್ಟರೇಷನ್” ಎಂಬ ಒಂದು ಶಬ್ದ ನಾಲ್ಕು ತುಂಡಾಗಿ ನಾಲ್ಕು ಸಾಲಿಗೆ ಇಳಿಯಿತು. ಹೊಲಿದ ಅಂಗಿಗಳು ಬೆಂಕಿಪೊಟ್ಟಣದ ಮೇಲಿನ ಚಿತ್ರದಷ್ಟಾದವು. ಹಟ ಬಿಡದೆ ಕಾಲಂ ಒಳಗೆ ಕಾಲಂ ಹಾಕಿ, ಅದರೊಳಗೆ ಮತ್ತೊಂದು ಹಾಕಿ, ಒಂದು ಅಂಗಿ ಅವಳದು ಒಂದು ಜಿಪ್ಪು ಇವಳದು ಎಂದು ಬೆರೆಸಲು ಹೋದೆ. ತಾವು ಅದನ್ನೂ ಅಷ್ಟೇ ಶ್ರದ್ಧೆಯಿಂದ ಪಾಲಿಸಿ, ದೊಡ್ಡವಳ ಮುಖದ ಕೆಳಗೆ ಚಿಕ್ಕವಳ ನಂಬರನ್ನೂ, ಚಿಕ್ಕವಳ ಮುಖದ ಕೆಳಗೆ ಹರಿದ ಪ್ಯಾಂಟನ್ನೂ ತಂದಿಟ್ಟಿರಿ. ಮೂವತ್ತೊಂದು ವರ್ಷದ ಅನುಭವವನ್ನು ಮೂರೇ ದಿನದಲ್ಲಿ ಗಾಳಿಗೆ ತೂರಿದ ತಮ್ಮ ಸಾಮರ್ಥ್ಯ ಸಾಮಾನ್ಯದ್ದಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಕೋರಿಕೆಗಳಿವೆ. ಲೋಕದ ಫೋನುಗಳನ್ನೆಲ್ಲ ಹಿಂದಕ್ಕೆ ತರಿಸಿಕೊಂಡು ಅಡ್ಡಡ್ಡ ಅಗಲವಾಗಿ, ಒಂದು ಮಣೆಯಷ್ಟು, ಮಾಡಿಸಿಕೊಡಬೇಕು. ಅದಾಗದಿದ್ದರೆ, ನಮ್ಮ ಪುಟ ತೆರೆಯುವವರು ಫೋನನ್ನು ಅಡ್ಡ ಹಿಡಿಯುವವರೆಗೂ ಅದು ಅವರ ಕೈಯಲ್ಲಿ ಒಂದೇ ಸಮನೆ ಗದರುತ್ತಿರಬೇಕು. ಅದೂ ಆಗದಿದ್ದರೆ ಎರಡು ಕಾಲಂಗಳೂ ಒಂದೇ ಜಾಗದಲ್ಲಿ, ಒಂದೇ ಕ್ಷಣದಲ್ಲಿ, ಒಂದನ್ನೊಂದು ಮುಚ್ಚದೆ ಕಾಣುವಂತೆ ಏರ್ಪಾಡು ಮಾಡಬೇಕು. ಮಾವನಾದವನ ಕಷ್ಟ ತಿಳಿದಿದ್ದರೆ ಇದು ಅತಿಯಾಯಿತೆಂದು ತಮಗೆ ಅನ್ನಿಸದು.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಆದರೆ ನಡೆದದ್ದನ್ನು ಮುಚ್ಚಿಡುವುದು ನ್ಯಾಯವಲ್ಲ. ತಿಂಗಳು ಮುಗಿಯಲು ಎಂಟು ದಿನವಿರುವಾಗ ಚಿಕ್ಕ ಸೊಸೆ ನನ್ನ ಕೈಯಿಂದ ಮೌಸನ್ನು ಬಿಡಿಸಿ ಪಕ್ಕಕ್ಕಿಟ್ಟು, “ಸಾಕು ಬಿಡಿ ಮಾವ, ಫೋನು ಇರೋದನ್ನೇ ತೋರಿಸ್ತಿದೆ. ಅಂಗಡೀಲೂ ನಾನು ಕೂರೋದು ಹಾಗೇ ಅಲ್ವಾ?” ಎಂದಳು. ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳೋಣವೆಂದು ಅಂಗಡಿಗೆ ಹೋಗಿ, ಮಾವನ ಹಾಗಲ್ಲ, ಗಿರಾಕಿಯ ಹಾಗೆ ಬಾಗಿಲಲ್ಲಿ ನಿಂತೆ.

ಬಾಗಿಲ ಬೆಳಕಿನಲ್ಲಿ ದೊಡ್ಡವಳ ಕತ್ತರಿಸುವ ಮೇಜು. ಗಿರಾಕಿಗಳು ಕೂರುವ ಬೆಂಚು ಅವಳ ಕಡೆಗೇ ಮುಖ ಮಾಡಿದೆ. ಹೊಲಿದ ಬಟ್ಟೆಗಳ ಸಾಲು, ಆಮೇಲೆ ಕನ್ನಡಿ, ಆಮೇಲೆ ಒಂದು ಪರದೆ. ಪರದೆ ಸರಿಸಿದರೆ ಹಗಲಲ್ಲೂ ದೀಪ ಹಾಕಿಕೊಂಡು ಚಿಕ್ಕವಳ ಮೆಷಿನ್ನು, ಅದಕ್ಕೂ ಹಿಂದೆ ದಾರದ ಡಬ್ಬಿಗಳ ನಡುವೆ ಗುಂಡಿ, ಕಾಜಾ ಕೆಲಸ ಮಾಡುವ ನನ್ನ ಹೆಂಡತಿ. ಹನ್ನೊಂದು ವರ್ಷದಿಂದ ಆ ಅಂಗಡಿಗೆ ದಿನಕ್ಕೆ ಎರಡು ಸಲ ಹೋಗುತ್ತಿದ್ದೇನೆ, ಎರಡೂ ಸಲ ಪರದೆಯನ್ನು ನಾನೇ ಸರಿಸಿದ್ದೇನೆ. ನನಗೆ ನಾಚಿಕೆಯಾಯಿತು, ಹಾಗೆಂದು ಚಿಕ್ಕವಳಿಗೆ ಹೇಳಿಯೂ ಹೇಳಿದೆ.

ದೊಡ್ಡವಳಿಗೆ ವಿಷಯ ತಿಳಿಸಿದಾಗ ಅವಳು ಕತ್ತರಿ ಕೆಳಗಿಟ್ಟು, “ಅವಳು ಒಂದಿನಾನೂ ಬಾಯಿ ಬಿಟ್ಟು ಕೇಳ್ಲಿಲ್ಲ. ನಂಗೂ ಹೊಳೀಲಿಲ್ಲ ಮಾವ, ಸುಳ್ಳು ಯಾಕೆ ಹೇಳ್ಲಿ” ಎಂದಳು. ಏಳಡಿ ಅಗಲದಲ್ಲಿ ಎರಡು ಮೇಜು ಪಕ್ಕಪಕ್ಕ ಹಿಡಿಸಿದರೆ ಗಿರಾಕಿ ಗೋಡೆ ಹತ್ತಿ ಒಳಗೆ ಬರಬೇಕಾಗುತ್ತದೆ. ಟೇಪು ಹಿಡಿದು ನಾಲ್ಕು ಕಡೆಯಿಂದ ಅಳೆದು ನೋಡಿ, ಕೊನೆಗೆ ಅವಳೇ ತನ್ನ ಕತ್ತರಿ, ಸೀಮೆಸುಣ್ಣ ಎತ್ತಿಕೊಂಡು ಪರದೆಯ ಹಿಂದೆ ಹೋಗಿ ಕೂತಳು. ಇನ್ನು ಮುಂದೆ ಒಂದು ವಾರ ಇವಳು ಮುಂದೆ, ಒಂದು ವಾರ ಅವಳು. ಮೊದಲ ದಿನ ಬಂದ ಹೆಂಗಸೊಬ್ಬರು ಚಿಕ್ಕವಳನ್ನು ನೋಡಿಯೂ ನೋಡದವರಂತೆ, “ಅವರಿಲ್ವಾ?” ಎಂದು ಒಳಗೆ ಇಣುಕಿದರು. “ಇದೀನಿ, ಮೊದ್ಲು ಅವಳಿಗೆ ತೋರ್ಸಿ” ಎಂದು ಪರದೆಯ ಹಿಂದಿನಿಂದ ಉತ್ತರ ಬಂತು.

ತಿಂಗಳ ಕೊನೆಯ ದಿನ ಚಿಕ್ಕವಳು ದೊಡ್ಡ ಅಂಗಡಿಯವರಿಗೆ ಫೋನ್ ಮಾಡಿದಳು. ನಾನು ಬೆಂಚಿನ ಮೇಲೆ ಪತ್ರಿಕೆ ತಲೆಕೆಳಗಾಗಿ ಹಿಡಿದು ಕೂತಿದ್ದೆ. “ಈ ವಾರ ಬರಕ್ಕಾಗಲ್ಲ ಸಾರ್, ಈ ವಾರ ಮುಂದೆ ಕೂತಿರೋದು ನಾನು. ಮುಂದಿನ ವಾರ ಅಕ್ಕ ಕೂರ್ತಾರೆ, ಆಗ ಅವರ ಗಿರಾಕಿಗಳ ಆಲ್ಟರೇಷನ್ನೆಲ್ಲ ನನ್ ತಲೆ ಮೇಲೇ ಬರುತ್ತೆ, ಆಗ್ಲೂ ಆಗಲ್ಲ” ಎಂದು ಹೇಳಿ ಇಟ್ಟಳು. ಹೀಗೆ ತಮ್ಮಿಂದಾದ ಹಾನಿ ತಮ್ಮ ಸಹಾಯವಿಲ್ಲದೆಯೇ ಸರಿಹೋಗಿದೆ. ಸದ್ಯ ಪ್ರತಿ ಸೋಮವಾರ ಬೆಳಿಗ್ಗೆ ನಾನು ಹಲ್ಲುಜ್ಜುವ ಮೊದಲೇ ಆ ತಿರುವುಮುರುವಿನ ಗುಂಡಿಯನ್ನು ಒತ್ತುತ್ತೇನೆ. ಮರೆತರೆ ಇಬ್ಬರೂ ಸೇರಿ ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ, ಆ ವಿಷಯದಲ್ಲಿ ಅವರಲ್ಲಿ ಪೂರ್ಣ ಸಮಾನತೆ ಇದೆ.

ಅಗಲ ಕಡಿಮೆಯಾದಾಗಲೂ ತಮ್ಮ ಗಾಂಭೀರ್ಯ ಕುಗ್ಗದಿರಲೆಂದು ಹಾರೈಸುತ್ತ,

ತಮ್ಮ ವಿಶ್ವಾಸಿ,
ಇಬ್ಬರು ಸೊಸೆಯಂದಿರ ಮಾವ,
ನಿವೃತ್ತ ಅಕ್ಷರ ಜೋಡಣೆಗಾರ.

ರುಜು ಹಾಕಿದ ಮೇಲೆ ಬರೆದದ್ದು: ಈ ಪತ್ರವನ್ನು ಹೆಂಡತಿಗೆ ಓದಿ ಹೇಳಿದೆ. ಕಾಜಾ ಮಾಡುತ್ತಲೇ ಕೇಳಿಸಿಕೊಂಡಳು, ನಗುವ ಕಡೆ ನಕ್ಕಳು. ಮುಗಿದ ಮೇಲೆ, “ಚೆನ್ನಾಗ್ ಬರ್ದಿದೀರಿ. ಆ ಅಂಗಡಿ ಶುರು ಮಾಡಿದ್ದು ನಾನು, ಇಬ್ರಿಗೂ ಕತ್ತರಿ ಹಿಡಿಯೋದು ಕಲಿಸಿದ್ದೂ ನಾನು. ಆ ಪುಟದಲ್ಲಿ ನನ್ನ ಹೆಸ್ರು ಬರತ್ತೇನೋ ಅಂತ ಕಾಯ್ತಾ ಇದ್ದೆ” ಎಂದು ದಾರ ಕಚ್ಚಿ ತುಂಡು ಮಾಡಿದಳು. ಮಾನ್ಯರೇ, ತಾವು ಬಲಗಡೆಯವರನ್ನು ಕೆಳಗೆ ತಳ್ಳಿದರೂ ಪುಟದಲ್ಲಿ ಇಟ್ಟುಕೊಳ್ಳುತ್ತೀರಿ. ನಾನು ಅಷ್ಟನ್ನೂ ಮಾಡಿರಲಿಲ್ಲ. ಆದಕಾರಣ ಮೂರು ಕಾಲಂಗಳ ವಿನ್ಯಾಸದವರು ಪಟ್ಟಿಯಲ್ಲಿ ಎಲ್ಲಿ ಸಿಗುತ್ತಾರೆಂದು ದಯವಿಟ್ಟು ತಿಳಿಸುವುದು. ಅವರಿಗೆ ಬರೆಯುವ ಪತ್ರದಲ್ಲಿ ನನ್ನ ದನಿ ಇಷ್ಟು ಜೋರಾಗಿರುವುದಿಲ್ಲ.